ತುದಿ ಒಳಗೆ ಮಡಚಿದ ತಂತಿ

ಅಕ್ಟೋಬರ್ 14

ಅಮ್ಮಾ,

ಆ ದೂರದ ಫ್ಯಾಕ್ಟರಿಯಿಂದ ನೀನು ಕಟ್ಟಿ ಕಳಿಸಿದ ಗೇಮ್ ಕನ್ಸೋಲ್‌ಗಳು ನಮ್ಮ ಅಂಗಡಿಗೆ ಬಂದು ಮುಟ್ಟಿದವು, ನೀನೊಬ್ಬಳು ಮಾತ್ರ ಬರಲಿಲ್ಲ ಎಂದು ಈ ಕಾಗದ ಶುರುಮಾಡಿದ್ದೆ. ಪಕ್ಕದಲ್ಲಿ ಕೂತ ಅಜ್ಜಿ ಓದಿಸಿಕೊಂಡು, "ಮೊದಲ ಸಾಲಿಗೇ ಪಿಟೀಲು ಕುಯ್ತೀಯಲ್ಲೇ, ಆರೋಗ್ಯ ವಿಚಾರಿಸು ಮೊದಲು" ಎಂದು ಗದರಿದಳು. ಹೇಗಿದ್ದೀಯ? ನಾವು ಚೆನ್ನಾಗಿದ್ದೇವೆ. ವಿಚಾರಿಸಿ ಆಯಿತು, ಈಗ ವಿಷಯಕ್ಕೆ ಬರುತ್ತೇನೆ.

ಭಾನುವಾರದ ಫೋನಿನಲ್ಲಿ ಇದನ್ನೆಲ್ಲ ಹೇಳಲು ಆಗುವುದಿಲ್ಲ. ಅಲ್ಲಿರುವ ಒಂದೇ ಫೋನಿಗೆ ನಿನ್ನ ಹಿಂದೆ ಸಾಲು ನಿಂತವರು ಕೆಮ್ಮುತ್ತಾರೆ. ನೀನು ಊಟ ಆಯ್ತಾ ಎನ್ನುತ್ತೀಯ, ನಾನು ಆಯ್ತು ಎನ್ನುತ್ತೇನೆ, ಅಷ್ಟಕ್ಕೆ ಮುಗಿಯಿತು. ಅದಕ್ಕೇ ಕಾಗದ.

ನಿನ್ನೆ ಹೊಸ ಕನ್ಸೋಲ್ ಬಿಡುಗಡೆ ಆಯಿತಲ್ಲ, ನಮ್ಮ ಬಾಗಿಲು ತೆಗೆಯುವ ಮೊದಲೇ ಜನ ಔಷಧಿ ಅಂಗಡಿ ದಾಟಿ, ಕ್ಷೌರದ ಅಂಗಡಿಯ ಮೆಟ್ಟಿಲವರೆಗೆ ನಿಂತಿದ್ದರು. ನಮ್ಮ ಮಾಲೀಕರು ಗಡಿಯಾರದ ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ನಿನಗೆ ಗೊತ್ತಲ್ಲ, ಗಡಿಯಾರ ರಿಪೇರಿ ಮಾಡುತ್ತಿದ್ದ ಕಾಲದ ಅಭ್ಯಾಸ ಅವರನ್ನು ಬಿಟ್ಟಿಲ್ಲ. ಟಿಕ್ ಟಿಕ್ ಶಬ್ದ ಗಿರಾಕಿಯ ಕಿವಿಗೆ ಕೇಳಿಸದೆ ಗಡಿಯಾರ ಕೊಡುತ್ತಿರಲಿಲ್ಲವಂತೆ. ಈಗ ಪ್ರತಿಯೊಂದು ಪೆಟ್ಟಿಗೆಯನ್ನೂ ಗಿರಾಕಿಯ ಎದುರಿಗೇ ಬಿಚ್ಚಿ, ಕೇಬಲ್ ಸಿಕ್ಕಿಸಿ, ದೀಪ ಹತ್ತಿದ್ದು ತೋರಿಸಿ, ಮತ್ತೆ ತುಂಬಿ ಕೊಡಬೇಕು. ಹಿಂದೆ ನಿಂತವರು "ಬೇಗ ಬೇಗ" ಎಂದು ಕೂಗಾಡಿದರು. ಮಾಮ ಕಿವಿಗೇ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋದಾಮು ಖಾಲಿ.

ನಾನು ಕುಣಿಯುತ್ತಾ ಹೋಗಿ, "ನೋಡಿದ್ರಾ ಮಾಮ, ಎಂಥಾ ವ್ಯಾಪಾರ!" ಎಂದೆ. ಅವರು ಕನ್ನಡಕ ಒರೆಸುತ್ತಾ, "ಇದು ವ್ಯಾಪಾರ ಅಲ್ಲಮ್ಮ, ಇದು ಜ್ವರ. ಇವತ್ತು ಖಾಲಿ ಡಬ್ಬ ಇಟ್ಟಿದ್ರೂ ಎತ್ಕೊಂಡು ಹೋಗ್ತಿದ್ರು. ಜ್ವರ ಇಳಿದ ಮೇಲೆ ಯಾರು ಬರ್ತಾರೆ ನೋಡು, ಅವರೇ ನಿಜವಾದ ಗಿರಾಕಿ" ಎಂದರು. ನನಗೂ ಅದೇ ಬೇಕಾಗಿತ್ತು. ಜ್ವರ ಇಳಿದರೆ ನೀನು ಬರುತ್ತೀಯ. ಆರು ತಿಂಗಳ ಕರಾರು ಎಂದೇ ತಾನೆ ನೀನು ಹೋದದ್ದು?

ಇನ್ನೊಂದು ವಿಷಯ. ಪೆಟ್ಟಿಗೆಯೊಳಗೆ ಕೇಬಲ್ ಸುತ್ತಿ ಒಂದು ಸಣ್ಣ ತಂತಿಯಿಂದ ಬಿಗಿದಿರುತ್ತಾರಲ್ಲ, ಎಲ್ಲದರಲ್ಲೂ ಅದರ ತುದಿ ಹೊರಗೆ ಚಾಚಿಕೊಂಡು ಬೆರಳಿಗೆ ಚುಚ್ಚುತ್ತದೆ. ಒಂದರಲ್ಲಿ ಮಾತ್ರ ಮೂರು ಸುತ್ತು ಸುತ್ತಿ, ತುದಿಯನ್ನು ಒಳಗೆ ಮಡಚಿ, ಉಗುರಿನಿಂದ ಚಪ್ಪಟೆ ಒತ್ತಿತ್ತು. ನಮ್ಮ ಮನೆಯ ಸಕ್ಕರೆ ಪೊಟ್ಟಣದ ಬಾಯಿಗೆ ನೀನು ಹಾಕುತ್ತಿದ್ದ ಕಟ್ಟು. ಅಂಗಡಿ ತುಂಬ ಜನ, ನಾನು ಆ ತಂತಿ ಹಿಡಿದುಕೊಂಡು ಕಲ್ಲಿನ ಹಾಗೆ ನಿಂತುಬಿಟ್ಟೆ. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು ಗಿರಾಕಿಗೆ ರಬ್ಬರ್ ಬ್ಯಾಂಡ್ ಹಾಕಿಕೊಟ್ಟೆ. ಈಗ ಅದು ಕಿಟಕಿಯ ಮೊಳೆಯಲ್ಲಿ ನೇತಾಡುತ್ತಿದೆ.

ನಿನ್ನ
ಪಿಟೀಲು


ಅಕ್ಟೋಬರ್ 29

ನನ್ನ ಪಿಟೀಲಿಗೆ,

ನಿನ್ನ ಕಾಗದ ಬಂದ ದಿನ ನಮ್ಮ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಮಗಳು ಇದನ್ನೇ ಮಾರುವ ಅಂಗಡಿಯಲ್ಲಿದ್ದಾಳೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟಿದ್ದೆ. ಅಂದಿನಿಂದ ಎಲ್ಲರಿಗೂ ಒಂದೇ ಪ್ರಶ್ನೆ, "ದೊಡ್ಡಕ್ಕಾ, ಮಗಳ ಕಾಗದ ಬಂತಾ? ಮಾರಾಟ ಹೇಗಿದೆಯಂತೆ?" ಲಕೋಟೆ ಒಡೆದು ಅಲ್ಲೇ ಗಟ್ಟಿಯಾಗಿ ಓದಿದೆ. ಕ್ಷೌರದ ಅಂಗಡಿಯವರೆಗೆ ಸಾಲು ಎಂದಾಗ ಚಪ್ಪಾಳೆ ತಟ್ಟಿದರು. ಮೇಲಿನ ಮಂಚದ ಎತ್ತರದವಳಂತೂ ಖುಷಿಗೆ ಎದ್ದು ನಿಂತು ಸೂರಿಗೆ ತಲೆ ಹೊಡೆಸಿಕೊಂಡಳು. ತಂತಿಯ ವಿಷಯ ಬಂದಾಗ ಹಾಳೆ ಮಡಚಿದೆ. ಅದನ್ನು ಓದದೆ ನುಂಗಿಕೊಂಡೆ.

ಇಲ್ಲಿ ನನ್ನ ಕೆಲಸ ಅದೊಂದೇ. ಉದ್ದನೆಯ ಬೆಲ್ಟ್ ಹರಿಯುತ್ತಿರುತ್ತದೆ, ಕೇಬಲ್ ನನ್ನ ಮುಂದೆ ಬರುತ್ತದೆ, ನಾನು ಕಟ್ಟುತ್ತೇನೆ. ಎರಡು ಸುತ್ತು ಸಾಕು ಎಂದು ಹೇಳಿಕೊಟ್ಟಿದ್ದರು. ಇಷ್ಟು ವರ್ಷ ಬಟ್ಟೆ ಹೊಲಿದ ಕೈ, ಚುಚ್ಚುವ ತುದಿಯನ್ನು ಹೊರಗೆ ಬಿಟ್ಟು ಅಭ್ಯಾಸವಿಲ್ಲ. ಮೊದಮೊದಲು ಹಿಂದೆ ಬೀಳುತ್ತಿದ್ದೆ. ಈಗ ಕೈಗೆ ಓಟ ಸಿಕ್ಕಿದೆ.

ಊಟದ ಗಂಟೆ ಹೊಡೆದರೆ ಎಲ್ಲರೂ ಉದ್ದ ಮೇಜಿನಲ್ಲಿ ಕೂರುತ್ತೇವೆ. ನಾನು ಸ್ವಲ್ಪ ತಡ ಮಾಡಿದರೂ "ದೊಡ್ಡಕ್ಕ ಎಲ್ಲಿ?" ಎಂದು ಕೂಗುತ್ತಾರೆ. ನಿನ್ನ ಅಪ್ಪ ಹೋದ ಮೇಲೆ ಮನೆಯ ಆ ಮೂಲೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಒಬ್ಬಳೇ ಉಣ್ಣುತ್ತಾ ಎಷ್ಟೋ ವರ್ಷ ಕಳೆದಿದ್ದೆ.

ಜ್ವರದ ಮಾತನ್ನು ನಮ್ಮ ಸೂಪರ್‌ವೈಸರ್ ಕೂಡ ಹೇಳುತ್ತಾರೆ. ಬಿಡುಗಡೆಯ ತಿಂಗಳಿನ ಲೆಕ್ಕ ಕಂಪನಿ ನೋಡುವುದಿಲ್ಲವಂತೆ. ವರ್ಷದ ಕೊನೆಯ ರಜೆ ಕಳೆದ ಮೇಲೆ ಏನಾಗುತ್ತದೆ ಎಂಬುದೇ ಮುಖ್ಯವಂತೆ. ಇಳಿದರೆ ಕರಾರಿನವರನ್ನು ಮನೆಗೆ ಕಳಿಸುತ್ತಾರೆ, ನಿಂತರೆ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಬರೆಯುತ್ತಿರು.

ಹೊಲಿಗೆ ಮೆಷಿನ್ನಿಗೆ ತಿಂಗಳಿಗೊಮ್ಮೆ ಎಣ್ಣೆ ಬಿಡು. ಅಜ್ಜಿ ಅದರ ಮೇಲೆ ಪಾತ್ರೆ ಇಡದ ಹಾಗೆ ನೋಡಿಕೋ.

ಅಮ್ಮ


ಜನವರಿ 11

ಅಮ್ಮಾ,

ಸಿಹಿ ಸುದ್ದಿ! ಜ್ವರ ಇಳಿಯಿತು.

ರಜೆ ಮುಗಿದದ್ದೇ ತಡ, ಅಂಗಡಿ ಭಣಗುಡುತ್ತಿದೆ. ಮಾಮ, ನಾನು ಇಬ್ಬರೂ ನೊಣ ಹೊಡೆಯುತ್ತಾ ಕೂತಿದ್ದೇವೆ. ನಿಮ್ಮ ಕಂಪನಿ ಕಳಿಸಿದ ಪೆಟ್ಟಿಗೆಗಳು ಗೋದಾಮು ತುಂಬಿ, ಶೌಚಾಲಯಕ್ಕೆ ಹೋಗುವ ದಾರಿಯವರೆಗೂ ಬಂದಿವೆ. ಈಗ ಅಡ್ಡಡ್ಡವಾಗಿ ನಡೆಯಬೇಕು. ಅದಕ್ಕಿಂತ ಮಜಾ ಎಂದರೆ ಸೆಕೆಂಡ್ ಹ್ಯಾಂಡ್ ಕಪಾಟು. ಮೊದಲ ದಿನ ಜಗಳವಾಡಿಕೊಂಡು ತೆಗೆದುಕೊಂಡು ಹೋದವರೇ ತಲೆ ತಗ್ಗಿಸಿಕೊಂಡು ವಾಪಸ್ ತಂದು ಮಾರುತ್ತಿದ್ದಾರೆ. ಕೇಳಿದರೆ, "ಆಡೋಕೆ ಆಟಗಳೇ ಇಲ್ವಲ್ರೀ, ಇರೋವೆಲ್ಲ ಹಳೇ ಕನ್ಸೋಲ್‌ನಲ್ಲೇ ನಡೆಯುತ್ತೆ" ಎನ್ನುತ್ತಾರೆ. ಅದು ನಿಜವೇ. ಚಿತ್ರ ಚೆನ್ನಾಗಿದೆ, ವೇಗ ಚೆನ್ನಾಗಿದೆ, ಆದರೆ ಇದಕ್ಕೆಂದೇ ಮಾಡಿದ ಒಳ್ಳೆಯ ಆಟ ಒಂದೂ ಬಂದಿಲ್ಲ.

ನಾನೂ ಕೈಲಾದ ಸೇವೆ ಮಾಡುತ್ತಿದ್ದೇನೆ. ಮೊನ್ನೆ ಒಬ್ಬ ನರ್ಸ್ ಬಂದಿದ್ದರು. ಪಾಳಿ ಮುಗಿಸಿ ಸೀದಾ ಆಸ್ಪತ್ರೆಯಿಂದ ಬಂದವರು, ಕೊರಳಲ್ಲಿ ಇನ್ನೂ ಗುರುತಿನ ಚೀಟಿ ಇತ್ತು. ಮಗನಿಗೆ ಬೇಕಂತೆ. "ಇಬ್ಬರೂ ಕೂತು ಆಡ್ಬಹುದಲ್ವಾ? ನಾನು ಮನೇಲಿರೋ ಹೊತ್ತು ಅವನಿಗೂ ನನಗೂ ಮಾತಾಡೋಕೆ ಏನೂ ಸಿಗಲ್ಲ" ಎಂದರು. ನಾನು ಮುಖ ಸಪ್ಪೆ ಮಾಡಿಕೊಂಡು, "ಮೇಡಂ, ನಿಮ್ಮ ಜಾಗದಲ್ಲಿ ನಾನಿದ್ರೆ ಕಾಯ್ತಿದ್ದೆ. ಆಟಗಳಿಲ್ಲ, ಬೆಲೆ ಇಳಿಯುತ್ತೆ" ಎಂದೆ. ಅವರು ಥ್ಯಾಂಕ್ಸ್ ಹೇಳಿ ಹೋದರು. ಅವರೊಬ್ಬರಿಗೇ ಅಲ್ಲ, ಹೀಗೆ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ಒಂದು ಮಾತೂ ಸುಳ್ಳಲ್ಲವಲ್ಲ! ಮಾಮನಿಗೆ ಕೇಳಿಸಿದೆಯೋ ಏನೋ, ಕನ್ನಡಕದ ಮೇಲಿಂದ ಒಮ್ಮೆ ನೋಡಿದರು.

ಹೀಗೇ ನಡೆದರೆ ಇನ್ನೆರಡು ತಿಂಗಳಿಗೆ ನಿಮ್ಮ ಕಂಪನಿ ನೆಲ ಕಚ್ಚುತ್ತದೆ, ನೀನು ಬಸ್ಸು ಹತ್ತುತ್ತೀಯ. ನಿನ್ನ ಕಟ್ಟಿನ ತಂತಿಗಳು ಕಿಟಕಿಯಲ್ಲಿ ಗೊಂಚಲಾಗಿವೆ. ಗಾಳಿ ಬಂದರೆ ಸದ್ದು ಮಾಡುತ್ತವೆ. ಅಜ್ಜಿ, "ಮನೇಲಿ ಒಂದು ಪಿಟೀಲು ಸಾಲದೂಂತ ಈಗ ತಾಳ ಬೇರೆ" ಎನ್ನುತ್ತಾಳೆ. ಆದರೆ ನಾನು ಅಂಗಡಿಯಲ್ಲಿ ಇರುವಾಗ ಅವಳೇ ಅವುಗಳ ಧೂಳು ಒರೆಸುತ್ತಾಳೆ.

ಬೇಗ ಬಾ ಅಮ್ಮಾ. ಸಂಜೆ ಬಾಗಿಲು ತೆಗೆದಾಗ ಮೆಷಿನ್ನಿನ ಶಬ್ದ ಇಲ್ಲದ ಮನೆ ನನಗೆ ಸೇರುವುದಿಲ್ಲ.

ನಿನ್ನ
ಪಿಟೀಲು


ಫೆಬ್ರವರಿ 9

ಮಗಳೇ,

ನಿನ್ನ ಕಾಗದ ತಲುಪಿತು. ನನಗೆ ಮೊದಲು ಒಬ್ಬಳೇ ಓದಿಕೊಳ್ಳುವ ಅಭ್ಯಾಸವಿಲ್ಲ ಎಂದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆಯೋ, ಮರೆತು ಬರೆದೆಯೋ ತಿಳಿಯದು.

ಕೋಣೆ ತುಂಬ ಜನ ಕೂತಿದ್ದರು. "ಸಿಹಿ ಸುದ್ದಿ" ಎಂದು ಓದಿದ ಕೂಡಲೇ ನಮ್ಮ ಕೋಣೆಯಲ್ಲಿ ಸದಾ ಹಾಡುವ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿದಳು. ನಾನು ನಿಲ್ಲಿಸಬೇಕಿತ್ತು. ಕಣ್ಣಿಗಿಂತ ಬಾಯಿ ಮುಂದೆ ಓಡಿತು, ನರ್ಸಿನವರೆಗೂ ಓದಿಯೇಬಿಟ್ಟೆ. ಎತ್ತರದವಳು ಮಂಚದಿಂದ ಇಳಿದು ಬಂದು, "ದೊಡ್ಡಕ್ಕಾ, ನಿಮ್ಮ ಮಗಳಿಗೆ ನಮ್ಮ ಮೇಲೇನು ಸಿಟ್ಟು?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದರೆ ಉತ್ತರ ಕೊಡುತ್ತಿದ್ದೆ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು.

ಅದಾದ ಮೇಲೆ, ಕಳೆದ ವಾರ, ಮೂರನೇ ಬೆಲ್ಟಿನ ಲೈನ್ ಮುಚ್ಚಿ ಅಲ್ಲಿಯವರನ್ನು ಮನೆಗೆ ಕಳಿಸಿದರು. ಎತ್ತರದವಳು ಆ ಲೈನಿನವಳು. ಅವಳ ಬಟ್ಟೆ ಪೆಟ್ಟಿಗೆಯ ಬೀಗ ಕೆಟ್ಟಿತ್ತು, ನಾನೇ ಹಗ್ಗ ಬಿಗಿದು ಕೊಟ್ಟೆ. ಗೇಟಿನವರೆಗೆ ಹೋಗಿ ಕಳಿಸಿ ಬಂದೆವು.

ನೀನು ಒಬ್ಬ ನರ್ಸನ್ನು ತಿರುಗಿ ಕಳಿಸಿದ್ದರಿಂದ ಲೈನ್ ಮುಚ್ಚಿತು ಎಂದು ನಾನು ಹೇಳುತ್ತಿಲ್ಲ. ಅಷ್ಟು ತಿಳಿಯದವಳಲ್ಲ ನಾನು. ಆದರೂ ಇನ್ನು ಮೇಲೆ ಮಾರಾಟದ ಸುದ್ದಿಯನ್ನು ಬೇರೆ ಹಾಳೆಯಲ್ಲಿ ಬರೆ.

ಅಮ್ಮ


ಫೆಬ್ರವರಿ 16

ಅಮ್ಮಾ,

ಮೇಲಿನ ಹಾಳೆ ಎಲ್ಲರಿಗೂ ಓದಿ ಹೇಳುವುದಕ್ಕೆ. ಗಿರಾಕಿಗಳು ಕಡಿಮೆ, ಆದರೆ ನಿಂತಿಲ್ಲ. ನಿನ್ನೆ ಒಬ್ಬ ಲಿಫ್ಟ್ ಮೆಕ್ಯಾನಿಕ್, ಇವತ್ತು ಹೊಸದಾಗಿ ಮದುವೆಯಾದ ಜೋಡಿ. ಮುಂದಿನ ತಿಂಗಳು ಒಂದು ಹೊಸ ಆಟ ಬರುತ್ತದಂತೆ, ಮಾಮ ಅದರ ಪೋಸ್ಟರನ್ನು ಬಾಗಿಲಿಗೆ ಅಂಟಿಸಿದ್ದಾರೆ. ನಾನು ಈಗ ಯಾರಿಗೂ ಕಾಯಲು ಹೇಳುತ್ತಿಲ್ಲ. ಎಲ್ಲರೂ ಕ್ಷಮಿಸಿ.

ಈ ಹಾಳೆ ನಿನಗೆ ಮಾತ್ರ. ನನಗೆ ಅವರ ಮೇಲೆ ಸಿಟ್ಟಿರಲಿಲ್ಲ ಅಮ್ಮಾ, ಅವರು ಇದ್ದಾರೆ ಎಂಬುದೇ ನನ್ನ ತಲೆಯಲ್ಲಿ ಇರಲಿಲ್ಲ. ಪೆಟ್ಟಿಗೆ ಬಿಚ್ಚಿದಾಗ ನಾನು ನಿನ್ನ ಕೈಯನ್ನು ಹುಡುಕುತ್ತಿದ್ದೆ, ಉಳಿದದ್ದೆಲ್ಲ ಬರೀ ಚುಚ್ಚುವ ತಂತಿ. ನಿನ್ನ ಕಾಗದ ಬಂದ ಮೇಲೆ ಅದನ್ನು ಕಟ್ಟಿದವರು ಯಾರು ಎಂದು ಯೋಚನೆ ಬರುತ್ತದೆ.

ಕಾಗದವನ್ನು ಅಜ್ಜಿಗೆ ಓದಿ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ನಿಮ್ಮಮ್ಮ ಹದಿನೆಂಟಕ್ಕೆ ಮದುವೆ ಆದವಳು. ಗೆಳತಿ ಅಂತ ಒಬ್ಬಳನ್ನೂ ಅವಳು ಮನೆಗೆ ಕರೆತಂದದ್ದು ನಾನು ನೋಡಿಲ್ಲ. ಈಗ ಗೇಟಿನವರೆಗೆ ಹೋಗಿ ಕಳಿಸಿ ಬರೋ ಹಾಗಾಗಿದ್ದಾಳೆ" ಎಂದಷ್ಟೇ ಹೇಳಿ ಕಣ್ಣು ಒರೆಸಿಕೊಂಡಳು. ಅದೇಕೆ ಅಳಬೇಕೋ ನನಗೆ ಅರ್ಥವಾಗಲಿಲ್ಲ.

ಮಾರ್ಚ್ ಕೊನೆಗೆ ನಿನ್ನ ಕರಾರು ಮುಗಿಯುತ್ತದೆ. ಬರುತ್ತೀಯಲ್ಲ?

ನಿನ್ನ
ಪಿಟೀಲು


ಮಾರ್ಚ್ 22

ಪಿಟೀಲೇ,

ಮಾರ್ಚ್ ವಿಷಯ ಕೇಳಿದ್ದೆ. ಮೇಜು ಹೊರುವ ಆಟವೋ ಏನೋ ಒಂದು ಬಂದಿದೆಯಂತಲ್ಲ, ಅದರಿಂದ ಆರ್ಡರ್ ಮತ್ತೆ ಏರಿದೆ. ಜೂನ್ ಮುಗಿಯುವವರೆಗೆ ಇರಿ ಎಂದರು. ನಾನೂ ಹೂಂ ಅಂದೆ. ಮುಚ್ಚಿದ್ದ ಲೈನ್ ತೆರೆದು, ಹೋದವರನ್ನು ಕರೆಸಿಕೊಳ್ಳುತ್ತಿದ್ದಾರೆ. ಎತ್ತರದವಳು ನಿನ್ನೆ ಬಂದಳು, ಬಂದವಳೇ ಸೂರಿಗೆ ತಲೆ ಹೊಡೆಸಿಕೊಂಡಳು.

ಕೆಲಸ ಎಂದಿನಂತೆ ಇದೆ. ಹೇಳಿಕೊಳ್ಳುವಂಥದ್ದು ಏನಿಲ್ಲ. ಅಜ್ಜಿಯ ಮೊಣಕಾಲು ಹೇಗಿದೆ?

ಅಮ್ಮ


ಏಪ್ರಿಲ್ 20

ಅಮ್ಮಾ,

ಹೇಳಿಕೊಳ್ಳುವಂಥದ್ದು ಏನಿಲ್ಲ ಎಂದು ಬರೆದಿದ್ದೀಯ. ನನ್ನ ಬಳಿ ತುಂಬ ಇದೆ.

ಮೊದಲು ಆಟದ ವಿಷಯ. ಇಬ್ಬರು ಸೇರಿ ಒಂದು ಊಟದ ಮೇಜನ್ನು ಹಳೇ ಮನೆಯಿಂದ ಹೊಸ ಮನೆಗೆ ಸಾಗಿಸಬೇಕು, ಅಷ್ಟೇ. ಒಂದು ತುದಿ ನೀನು, ಇನ್ನೊಂದು ತುದಿ ನಾನು ಹಿಡಿಯಬೇಕು. ಮೆಟ್ಟಿಲು, ಕಿರಿದಾದ ಬಾಗಿಲು, ಮಧ್ಯೆ ಮಲಗಿದ ನಾಯಿ. ಒಬ್ಬರು ಅವಸರ ಮಾಡಿದರೆ ಮೇಜು ಇನ್ನೊಬ್ಬರ ಕಾಲ ಮೇಲೆ. ಯುದ್ಧವಿಲ್ಲ, ಗುಂಡಿಲ್ಲ. ಇದನ್ನು ಯಾರು ಕೊಳ್ಳುತ್ತಾರೆ ಎಂದು ನಾನು ಮೂಗು ಮುರಿದಿದ್ದೆ. ಈಗ ಜನ್ಮದಲ್ಲಿ ಆಟ ಆಡದವರೆಲ್ಲ ಬರುತ್ತಿದ್ದಾರೆ. ಗಂಡ ಹೆಂಡತಿ, ಅಕ್ಕ ತಂಗಿ, ಮೊಮ್ಮಗಳ ಕೈ ಹಿಡಿದುಕೊಂಡ ತಾತ. ಮಾಮ ಮೊದಲ ಬಾರಿಗೆ "ಇದು ವ್ಯಾಪಾರ" ಎಂದರು.

ಸೆಕೆಂಡ್ ಹ್ಯಾಂಡ್ ಕಪಾಟಿನ ಕನ್ಸೋಲ್ ಒಂದನ್ನು ಮಾಮ ನಮ್ಮ ಮನೆಗೆ ಕೊಟ್ಟಿದ್ದಾರೆ. ಅಜ್ಜಿ ನನ್ನ ಜೊತೆ ಮೇಜು ಹೊರುತ್ತಾಳೆ. "ಎಡಕ್ಕೆ ತಿರುಗೇ, ಎಡಕ್ಕೆ! ನಿನ್ನ ಎಡ ಎಲ್ಲಿದೆ?" ಎಂದು ಅವಳು ಕಿರುಚಾಡಿದ್ದಕ್ಕೆ ಕೆಳಗಿನ ಮನೆಯವರು ಜಗಳ ಎಂದು ಮೇಲೆ ಬಂದಿದ್ದರು.

ಈಗ ನಿಜವಾದ ವಿಷಯ. ಈ ತಿಂಗಳು ಬಂದ ಪೆಟ್ಟಿಗೆಗಳನ್ನು ಬಿಚ್ಚಿದೆ. ಮೊದಲನೆಯದರಲ್ಲಿ ಮೂರು ಸುತ್ತು, ತುದಿ ಒಳಗೆ. ಖುಷಿಯಾಯಿತು. ಎರಡನೆಯದರಲ್ಲೂ ಅದೇ. ಮೂರನೆಯದೂ ಹಾಗೇ. ಆಮೇಲೆ ತಡೆಯಲಾಗದೆ ಗೋದಾಮಿಗೆ ಹೋಗಿ ಸುಮ್ಮನೆ ಒಂದರ ಹಿಂದೆ ಒಂದು ಬಿಚ್ಚಿದೆ. ಎಲ್ಲವೂ ನಿನ್ನ ಕಟ್ಟು ಅಮ್ಮಾ! ಚುಚ್ಚುವ ತಂತಿ ಒಂದೂ ಇಲ್ಲ.

ಇಷ್ಟನ್ನೂ ನಿನ್ನೊಬ್ಬಳ ಕೈಲೇ ಮಾಡಿಸುತ್ತಿದ್ದಾರಾ? ನಿದ್ದೆ ಮಾಡಲು ಬಿಡುತ್ತಾರಾ? "ಕೆಲಸ ಎಂದಿನಂತೆ ಇದೆ" ಎಂದು ನನ್ನಿಂದ ಮುಚ್ಚಿಡುತ್ತೀಯಾ? ಮಾಮನ ಹತ್ತಿರ ಹೋಗಿ ಅತ್ತೆ. ಅವರು ತಂತಿಗಳನ್ನು ಗಡಿಯಾರದ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದರು. ಬಹಳ ಹೊತ್ತು ನೋಡಿ, "ನಿಮ್ಮಮ್ಮನಿಗೇ ಬರೆದು ಕೇಳು" ಎಂದರು. ಅವರಿಗೆ ಏನೋ ತಿಳಿದಿತ್ತು.

ಇನ್ನೊಂದು ಮಾತು. ನೀನು ಮೆಷಿನ್ನಿಗೆ ಎಣ್ಣೆ ಬಿಟ್ಟೆಯಾ ಎಂದು ಕೇಳುವುದನ್ನೇ ಬಿಟ್ಟಿದ್ದೀಯ.

ನಿನ್ನ
ಪಿಟೀಲು


ಮೇ 3

ನನ್ನ ಮುದ್ದು ಪಿಟೀಲಿಗೆ,

ಈ ಕಾಗದವನ್ನು ಒಬ್ಬಳೇ ಓದು. ನಾನು ನಿನ್ನದನ್ನು ಈ ಸಲ ಒಬ್ಬಳೇ ಓದಿದೆ, ಬಟ್ಟೆ ಒಣಗಿಸುವ ಮಹಡಿಗೆ ಹೋಗಿ.

ನನ್ನ ಕೈಲಿ ಯಾರೂ ಅಷ್ಟೆಲ್ಲ ಮಾಡಿಸುತ್ತಿಲ್ಲ. ಚೆನ್ನಾಗಿ ನಿದ್ದೆ ಮಾಡುತ್ತೇನೆ. ನೀನು ನೋಡಿದ ಕಟ್ಟುಗಳು ನನ್ನವಲ್ಲ.

ತಂತಿ ಚುಚ್ಚುತ್ತದೆ ಎಂದು ಬಹಳ ಅಂಗಡಿಗಳಿಂದ ದೂರು ಬಂದಿತ್ತಂತೆ. ಮಾರ್ಚ್ ಮೊದಲಿಗೆ ಮೇಲಿನವರು ಬಂದು ಎಲ್ಲರ ಕಟ್ಟು ನೋಡಿದರು. ನನ್ನ ಮುಂದೆ ನಿಂತು, "ಇದನ್ನು ಎಲ್ಲರಿಗೂ ಹೇಳಿಕೊಡಲು ಆಗುತ್ತಾ?" ಎಂದು ಕೇಳಿದರು. ಆಗುತ್ತದೆ ಎಂದೆ. ಈಗ ನಾನು ಬೆಲ್ಟಿನ ಮುಂದೆ ಕೂರುವುದಿಲ್ಲ. ಹೊಸಬರ ಪಕ್ಕದಲ್ಲಿ ನಿಂತು ಕೈ ಹಿಡಿದು ತೋರಿಸುತ್ತೇನೆ. ಯಾರ ಕಟ್ಟು ಯಾರದೆಂದು ನೋಡಿದ ಕೂಡಲೇ ಹೇಳಬಲ್ಲೆ. ಎತ್ತರದವಳದು ಅತಿ ಬಿಗಿ, ಹಾಡುವವಳದು ಮೂರನೇ ಸುತ್ತು ಸ್ವಲ್ಪ ಸಡಿಲ. ನನ್ನನ್ನು ಕಂಡರೆ ಹುಡುಗಿಯರು "ಮೇಷ್ಟ್ರು ಬಂದ್ರು" ಎಂದು ಗೇಲಿ ಮಾಡುತ್ತಾರೆ. ನನಗೆ ಅದು ಎಷ್ಟು ಹಿತವಾಗುತ್ತದೆ ಎಂದರೆ ಹೇಳಲು ನಾಚಿಕೆ.

ನಿನಗೇಕೆ ಹೇಳಲಿಲ್ಲ? ಹೇಳಿದ್ದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು. ಜೂನ್ ಕಳೆದರೆ ನನ್ನನ್ನು ಖಾಯಂ ಮಾಡುತ್ತಾರಂತೆ. ಬಿಡುಗಡೆಯ ಗದ್ದಲ ಮುಗಿದ ಮೇಲೂ ಮಾರಾಟ ನಿಂತುಕೊಂಡಿದೆ, ಇನ್ನು ಈ ಕನ್ಸೋಲ್ ಹಲವು ವರ್ಷ ನಡೆಯುತ್ತದೆ ಎಂದು ಕಂಪನಿಗೆ ಧೈರ್ಯ ಬಂದಿದೆ. ಸಹಿ ಹಾಕಿದರೆ ಇಲ್ಲೇ ಇರಬೇಕು. ವರ್ಷಕ್ಕೆ ಎರಡು ಸಲ ರಜೆ. ನೀನೂ ಅಜ್ಜಿಯೂ ಇಲ್ಲಿಗೆ ಬಂದರೆ ಎಂದು ಯೋಚಿಸಿದೆ. ಅಜ್ಜಿ ಆ ಮನೆ ಬಿಟ್ಟು ಕದಲುವುದಿಲ್ಲ, ಅಜ್ಜಿಯನ್ನು ಬಿಟ್ಟು ನೀನು ಬರುವುದಿಲ್ಲ. ಬರಬಾರದು ಕೂಡ.

ನಿನ್ನನ್ನು ನೆನೆಯದ ದಿನವಿಲ್ಲ. ನಿನ್ನ ಹಾಗೆ ನಗುವ ಒಬ್ಬಳು ಎರಡನೇ ಲೈನಿನಲ್ಲಿದ್ದಾಳೆ, ಅವಳು ನಕ್ಕಾಗಲೆಲ್ಲ ತಿರುಗಿ ನೋಡುತ್ತೇನೆ. ಮನೆಗೆ ಬರಬೇಕೆಂದು ಸಂಕಟವಾಗುತ್ತದೆ. ಹಾಗೆಯೇ ಆ ಮೂಲೆ, ಆ ಮೆಷಿನ್ನು ನೆನಪಾದರೆ ಇನ್ನೊಂದು ಬಗೆಯ ಸಂಕಟ. ಎರಡೂ ನಿಜ. ನನ್ನನ್ನು ಯಾರೂ ಇದುವರೆಗೆ "ನಿನಗೆ ಆಗುತ್ತಾ" ಎಂದು ಕೇಳಿರಲಿಲ್ಲ. ಮಾಡು ಎನ್ನುತ್ತಿದ್ದರು, ಮಾಡುತ್ತಿದ್ದೆ.

ನೀನು ಬಾ ಎಂದರೆ ಬರುತ್ತೇನೆ. ಮುಖ ಊದಿಸಿಕೊಂಡು ಬರುವುದಿಲ್ಲ, ಸಂತೋಷವಾಗಿಯೇ ಬರುತ್ತೇನೆ. ಬರೆದು ತಿಳಿಸು.

ಅಮ್ಮ


ಮೇ 30

ಪಿಟೀಲೇ,

ದಿನಾ ಗೇಟಿನ ಹತ್ತಿರ ಹೋಗಿ ಕಾಗದ ಕೇಳುತ್ತೇನೆ. ಕಾವಲಿನವನು ಈಗ ನನ್ನನ್ನು ದೂರದಿಂದ ಕಂಡ ಕೂಡಲೇ ತಲೆ ಆಡಿಸುತ್ತಾನೆ. ಭಾನುವಾರ ಫೋನಿನಲ್ಲಿ ನೀನು ಊಟ ಆಯ್ತು ಎಂದೆ, ಮತ್ತೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಹಿಂದೆ ಜನ ಇದ್ದರು.

ಸಿಟ್ಟಿದ್ದರೆ ಸಿಟ್ಟನ್ನಾದರೂ ಬರೆ.

ಅಮ್ಮ


ಜೂನ್ 8

ಅಮ್ಮಾ,

ಬರೆಯದೆ ಇದ್ದದ್ದಲ್ಲ, ಬರೆದು ಹರಿದದ್ದು. ಮೊದಲು "ಬಾ" ಎಂದು ಬರೆದೆ. ಆಮೇಲೆ ಅದನ್ನು ಹರಿದು, "ಅಲ್ಲೇ ಇದ್ದುಕೋ, ನನಗೇನಂತೆ" ಎಂದು ಬರೆದೆ. ಅಜ್ಜಿ ಅದನ್ನು ಓದಿಸಿಕೊಂಡು, "ಮೊದಲನೇದೇ ವಾಸಿ ಇತ್ತು, ಅದರಲ್ಲಿ ಅಳು ಇತ್ತು. ಇದರಲ್ಲಿ ಬರೀ ಕೊಬ್ಬು" ಎಂದಳು.

ನಿಜ ಹೇಳಲಾ? ನಿನ್ನ ಕಾಗದ ಓದಿ ನನಗೆ ಹೊಟ್ಟೆಕಿಚ್ಚಾಯಿತು. ನಾನಿಲ್ಲಿ ತಂತಿಯ ಚೂರುಗಳನ್ನು ಮೊಳೆಗೆ ನೇತುಹಾಕಿಕೊಂಡು ಕೂತಿರುವಾಗ ನೀನು ಅಲ್ಲಿ ನಗುತ್ತಿದ್ದೀಯ ಎಂದು. ಮೊಳೆಯಲ್ಲಿದ್ದವನ್ನೆಲ್ಲ ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಬೆಳಿಗ್ಗೆ ನೋಡಿದರೆ ಮತ್ತೆ ಮೊಳೆಯಲ್ಲಿವೆ. ಅಜ್ಜಿ ಏನೂ ಗೊತ್ತಿಲ್ಲದವಳ ಹಾಗೆ ಕೂತಿದ್ದಳು.

ಇವತ್ತು ಆ ನರ್ಸ್ ಬಂದರು. ನಾನು ತಿರುಗಿ ಕಳಿಸಿದವರು. ನನ್ನನ್ನು ಗುರುತು ಹಿಡಿದು, "ಕಾಯಿರಿ ಅಂದಿದ್ದು ನೀವೇ ಅಲ್ವಾ? ಬೆಲೆ ಇಳೀತಾ?" ಎಂದರು.

"ಇಲ್ಲ ಮೇಡಂ."

"ಮತ್ತೆ ಇನ್ನೂ ಕಾಯ್ಬೇಕಾ?"

ನಾನು ಉತ್ತರ ಕೊಡುವ ಮೊದಲೇ ಅವರು ಮೆಲ್ಲಗೆ ಹೇಳಿದರು, "ಆಗ ಅವನು ದಿನಾ ಯಾವಾಗ ತರ್ತೀಯ ಅಂತ ಕೇಳ್ತಿದ್ದ. ಈಗ ಕೇಳೋದು ಬಿಟ್ಟಿದ್ದಾನೆ. ನಾನು ಬಂದ್ರೆ ರೂಮಿನ ಬಾಗಿಲು ಹಾಕ್ಕೋತಾನೆ. ಇವತ್ತು ತಗೊಂಡು ಹೋದ್ರೂ ತೆಗೀತಾನೋ ಇಲ್ವೋ."

ಅಮ್ಮಾ, ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅವರ ಮನೆಯಲ್ಲಿ ಅಷ್ಟು ತಿಂಗಳು ಮೇಜಿನ ಒಂದು ತುದಿಯನ್ನು ಯಾರೂ ಹಿಡಿಯದ ಹಾಗೆ ಮಾಡಿದವಳು ನಾನು, ನೀನು ಬರಲಿ ಎಂದು. ಮತ್ತೆ ಅದೇ ಪ್ರಶ್ನೆ ನನ್ನ ಮುಂದೆ ನಿಂತಿತ್ತು. ತಗೊಳ್ಳಿ ಎಂದರೆ ಒಂದು ಪೆಟ್ಟಿಗೆ ಹೋಗುತ್ತದೆ, ಅದರ ಜಾಗಕ್ಕೆ ಇನ್ನೊಂದನ್ನು ಕಟ್ಟುತ್ತಾರೆ, ಕಟ್ಟುವುದನ್ನು ಕಲಿಸಲು ನೀನು ಅಲ್ಲಿರುತ್ತೀಯ. ಮಾಮನ ಕಡೆ ನೋಡಿದೆ. ಅವರು ಒರೆಸಿ ಹೊಳೆಯುತ್ತಿದ್ದ ಗಾಜನ್ನೇ ಮತ್ತೆ ಒರೆಸುತ್ತಿದ್ದರು.

"ಕಾಯ್ಬೇಡಿ ಮೇಡಂ, ತಗೊಂಡು ಹೋಗಿ" ಎಂದೆ.

"ಇದು ಇನ್ನೊಂದು ವರ್ಷಕ್ಕೆ ಮೂಲೆ ಸೇರಲ್ಲ ತಾನೆ? ಆಮೇಲೆ ಆಟಗಳೇ ಬರಲ್ಲ ಅಂದ್ರೆ?"

"ಇಲ್ಲ, ಬಹಳ ವರ್ಷ ನಡೆಯುತ್ತೆ."

"ಅದು ನಿಮಗೆ ಹೇಗೆ ಗೊತ್ತು?"

"ನಮ್ಮಮ್ಮ ಇದನ್ನ ಮಾಡೋ ಫ್ಯಾಕ್ಟರೀಲಿ ಇದ್ದಾರೆ" ಎಂದೆ. ಒಂದು ಕ್ಷಣ ತಡೆದು, "ಖಾಯಂ ಆಗಿ" ಎಂದೆ.

ಅಂದದ್ದೇ ತಡ, ಅಳು ಉಕ್ಕಿ ಬಂತು. ಪಾಪ ಅವರು ಗಾಬರಿಯಾಗಿ ನನ್ನ ನಾಡಿ ಹಿಡಿದು ನೋಡಿದರು. ಮಾಮ ನೀರು ತಂದುಕೊಟ್ಟು, "ಏನಿಲ್ಲ ಬಿಡಿ, ಇವತ್ತು ಅವಳಿಗೆ ಮೊದಲ ವ್ಯಾಪಾರ" ಎಂದರು.

ಮೂಗು ಒರೆಸಿಕೊಂಡು ಪೆಟ್ಟಿಗೆ ಬಿಚ್ಚಿ, ದೀಪ ಹತ್ತಿದ್ದು ತೋರಿಸಿದೆ. ಕೇಬಲನ್ನು ಮತ್ತೆ ಸುತ್ತುವಾಗ ಈ ಸಲ ತಂತಿಯನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ. ಮೂರು ಸುತ್ತು ಸುತ್ತಿ ತುದಿ ಮಡಚಿದೆ. ಅವರು ಕುತೂಹಲದಿಂದ ನೋಡುತ್ತಿದ್ದರು, ಅವರಿಗೂ ಹೇಳಿಕೊಟ್ಟೆ. ಎರಡನೇ ಸಲಕ್ಕೇ ಬಂತು. ಬ್ಯಾಂಡೇಜ್ ಕಟ್ಟುವ ಕೈ ತಾನೆ.

ಸಹಿ ಹಾಕು ಅಮ್ಮಾ. ನೀನಿಲ್ಲದೆ ನನಗೆ ಸುಖವಿಲ್ಲ, ಅದನ್ನು ಮುಚ್ಚಿಟ್ಟು ದೊಡ್ಡವಳಾದ ಹಾಗೆ ನಟಿಸುವುದಿಲ್ಲ. ಆದರೆ ಮೂಲೆಯಲ್ಲಿ ಒಬ್ಬಳೇ ಕೂತು ಉಣ್ಣುವ ಅಮ್ಮ ನನಗೆ ಬೇಡ. ನಾನು ಅದೇ ಮನೆಯಲ್ಲಿ ಇದ್ದೂ ಅದನ್ನು ನೋಡಲೇ ಇಲ್ಲವಲ್ಲ. ಸಹಿ ಹಾಕಿ, ಮೊದಲ ರಜೆ ಯಾವಾಗ ಎಂದು ಕೇಳಿ ಬರೆ. ಅಜ್ಜಿ ಮೇಜು ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದಾಳೆ, ನನ್ನ ಜೊತೆ ಆಡಿ ಸಾಕಾಗಿದೆಯಂತೆ, ಇನ್ನೊಂದು ತುದಿಗೆ ನೀನೇ ಬೇಕಂತೆ. ಮೆಷಿನ್ನಿಗೆ ಎಣ್ಣೆ ಬಿಟ್ಟಿದ್ದೇನೆ. ನೀನು ಕೇಳಲಿಲ್ಲ, ಆದರೂ.

ಈ ಹಾಳೆಯನ್ನು ಎಲ್ಲರಿಗೂ ಓದು. ಎತ್ತರದವರಿಗೆ ತಲೆ ಜೋಪಾನ ಎಂದು ಹೇಳು.

ಲಕೋಟೆಯಲ್ಲಿ ಒಂದು ಕಟ್ಟಿದ ತಂತಿ ಇಟ್ಟಿದ್ದೇನೆ. ಅದನ್ನು ನಿನ್ನ ಹುಡುಗಿಯರ ಕಟ್ಟುಗಳ ನಡುವೆ ಇಟ್ಟು ನೋಡು. ಯಾರದೆಂದು ಗುರುತು ಸಿಕ್ಕಿತೋ ಇಲ್ಲವೋ, ನಿಜ ಬರೆ.

ನಿನ್ನ
ಪಿಟೀಲು